ಬಾಕ್ಸಿಂಗ್ ತೂಕವರ್ಗಗಳು: ಯಾವ ಕಾಲದ್ದು ಗಟ್ಟಿ?

ಬಾಕ್ಸಿಂಗ್‌ನಲ್ಲಿ ತೂಕದ ಲೆಕ್ಕ ಮೊದಲಿನಿಂದ ಇದ್ದದ್ದಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಬರಿಗೈ ಕಾಳಗಗಳಲ್ಲಿ ಎದುರಾಳಿ ಎಷ್ಟು ಭಾರದವನು ಎಂದು ಕೇಳುವ ರೂಢಿ ಅಷ್ಟಾಗಿ ಇರಲಿಲ್ಲ. 1867ರ ಕ್ವೀನ್ಸ್‌ಬೆರಿ ನಿಯಮಗಳು ಕೈಗವಸು, ಮೂರು ನಿಮಿಷದ ಸುತ್ತು, ಬಿದ್ದವನಿಗೆ ಹತ್ತರ ಎಣಿಕೆ ಇವುಗಳನ್ನು ಕಡ್ಡಾಯ ಮಾಡಿದವು. ತೂಕದ ಗೆರೆಗಳು ನೆಲೆನಿಂತದ್ದು 1909ರಲ್ಲಿ, ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ ಎಂಟು ವರ್ಗಗಳನ್ನು ಗೊತ್ತುಮಾಡಿದಾಗ. ಫ್ಲೈವೇಟ್ 112 ಪೌಂಡ್, ಬ್ಯಾಂಟಮ್ 118, ಫೆದರ್ 126, ಲೈಟ್ 135, ವೆಲ್ಟರ್ 147, ಮಿಡಲ್ 160, ಲೈಟ್ ಹೆವಿ 175. ಅದಕ್ಕಿಂತ ಹೆಚ್ಚು ತೂಗುವವರೆಲ್ಲ ಹೆವಿವೇಟ್. ಕಿಲೋ ಲೆಕ್ಕದಲ್ಲಿ ಕೆಳಗಿನ ಗೆರೆ ಸುಮಾರು 51, ಮೇಲಿನ ಗೆರೆ ಸುಮಾರು 79.

ಒಂದೊಂದು ಗೆರೆಯ ಬೆಲೆ ಎಷ್ಟು ಎಂಬುದಕ್ಕೆ ಭಾರತದ್ದೇ ಉದಾಹರಣೆಯಿದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಬಾಕ್ಸಿಂಗ್ ಮೊದಲ ಬಾರಿಗೆ ಸೇರಿದಾಗ ಅದಕ್ಕೆ ಇದ್ದದ್ದು ಮೂರೇ ವರ್ಗ. 46 ಮತ್ತು 48 ಕಿಲೋ ವರ್ಗಗಳಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಮೇರಿ ಕೋಮ್ ಅವರಿಗೆ ಮೈ ತೂಕ ಹೆಚ್ಚಿಸಿಕೊಂಡು 51 ಕಿಲೋ ವರ್ಗಕ್ಕೆ ಏರದೆ ಬೇರೆ ದಾರಿಯಿರಲಿಲ್ಲ. ತಮಗಿಂತ ಎತ್ತರದ, ಉದ್ದ ತೋಳಿನ ಎದುರಾಳಿಗಳ ನಡುವೆ ಅವರಿಗೆ ಕಂಚು ದಕ್ಕಿತು. ಮೂರು ಕಿಲೋ ಅಂತರ ಅಷ್ಟು ದೊಡ್ಡದು.

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಕ್ರಮೇಣ ಈ ಎಂಟು ವರ್ಗಗಳ ನಡುನಡುವೆ ಹೊಸವು ಹುಟ್ಟಿದವು. 130 ಮತ್ತು 140 ಪೌಂಡಿನವು 1920ರ ದಶಕದಲ್ಲಿ ಕಾಣಿಸಿಕೊಂಡು, ನಡುವೆ ಮಂಕಾಗಿ, 1959ರ ಹೊತ್ತಿಗೆ ಮತ್ತೆ ಚಿಗುರಿದವು. 154 ಪೌಂಡಿನದು 1962ರಲ್ಲಿ ಬಂತು. ಹೆವಿವೇಟಿನ ಕೆಳಗಿನ ಕ್ರೂಸರ್‌ವೇಟ್ 1979-80ರಲ್ಲಿ, 168 ಪೌಂಡಿನ ಸೂಪರ್ ಮಿಡಲ್ 1984ರಲ್ಲಿ, ಎಲ್ಲಕ್ಕಿಂತ ಹಗುರವಾದ 105 ಪೌಂಡಿನದು 1987ರಲ್ಲಿ. ಈಗ ಎಲ್ಲರೂ ಒಪ್ಪುವ ವರ್ಗಗಳೇ 17. ಪಟ್ಟ ಕೊಡುವ ಸಂಸ್ಥೆಗಳೂ ನಾಲ್ಕಾಗಿವೆ: ವರ್ಲ್ಡ್ ಬಾಕ್ಸಿಂಗ್ ಅಸೋಸಿಯೇಷನ್, 1963ರ ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್, 1983ರ ಇಂಟರ್‌ನ್ಯಾಷನಲ್ ಬಾಕ್ಸಿಂಗ್ ಫೆಡರೇಷನ್, 1988ರ ವರ್ಲ್ಡ್ ಬಾಕ್ಸಿಂಗ್ ಆರ್ಗನೈಸೇಷನ್. ಹಿಂದೆ ಬಹುಮಟ್ಟಿಗೆ ಎಂಟು ಮಂದಿ ಹಂಚಿಕೊಳ್ಳುತ್ತಿದ್ದ ಗೌರವಕ್ಕೆ ಈಗ 68 ಪಟ್ಟಗಳು. ಒಬ್ಬ ಚಾಂಪಿಯನ್ ಎಂದ ಮಾತ್ರಕ್ಕೆ ಅವನ ವರ್ಗದಲ್ಲಿ ಅವನೇ ಮೇಲು ಎನ್ನುವ ಹಾಗಿಲ್ಲ.

ಬೇರೆ ಬೇರೆ ಕಾಲದ ಪಟ್ಟಗಳನ್ನು ಎಣಿಸಿ ಹೋಲಿಸಲು ಹೊರಟರೆ ಮೊದಲು ಎಡವುವುದು ಇಲ್ಲೇ. ಹೆನ್ರಿ ಆರ್ಮ್‌ಸ್ಟ್ರಾಂಗ್ 1937ರ ಅಕ್ಟೋಬರ್‌ನಲ್ಲಿ ಫೆದರ್‌ವೇಟ್, 1938ರ ಮೇ ತಿಂಗಳಲ್ಲಿ ವೆಲ್ಟರ್‌ವೇಟ್, ಅದೇ ಆಗಸ್ಟ್‌ನಲ್ಲಿ ಲೈಟ್‌ವೇಟ್ ಪಟ್ಟ ಗೆದ್ದು ಮೂರನ್ನೂ ಏಕಕಾಲಕ್ಕೆ ಹಿಡಿದಿದ್ದ. ಫಿಲಿಪ್ಪೀನ್ಸ್‌ನ ಮ್ಯಾನಿ ಪಕ್ಯಾವ್ 1998ರಿಂದ 2010ರ ನಡುವೆ ಎಂಟು ವರ್ಗಗಳಲ್ಲಿ ಗೆದ್ದ. ಮೂರು ಮತ್ತು ಎಂಟನ್ನು ಪಕ್ಕಪಕ್ಕ ಇಟ್ಟರೆ ಲೆಕ್ಕ ತಪ್ಪುತ್ತದೆ. ಆರ್ಮ್‌ಸ್ಟ್ರಾಂಗ್ ದಾಟಿದ 126ರಿಂದ 147 ಪೌಂಡಿನ ಹಾದಿಯಲ್ಲಿ ಆಗ ಇದ್ದದ್ದು ಮೂರು ವರ್ಗ, ಈಗ ಇರುವುದು ಐದು. ಪಕ್ಯಾವ್‌ನ ಎಂಟನ್ನು ಹಳೆಯ ಪಟ್ಟಿಗೆ ಇಳಿಸಿದರೆ 122 ಪೌಂಡಿನದು ಫೆದರ್‌ನಲ್ಲಿ, 130ರದ್ದು ಲೈಟ್‌ನಲ್ಲಿ, 140ರದ್ದು ವೆಲ್ಟರ್‌ನಲ್ಲಿ ಸೇರಿಹೋಗಿ ಐದೇ ಉಳಿಯುತ್ತವೆ. ಆ ಐದನೆಯದೂ ಅನುಮಾನವೇ. 154 ಪೌಂಡಿನ ಪಟ್ಟಕ್ಕೆ ಆಂಟೋನಿಯೊ ಮಾರ್ಗರಿಟೊ ಎದುರು ಹೋರಾಡಿದಾಗ ಪಕ್ಯಾವ್ ತೂಗಿದ್ದು 144.6 ಪೌಂಡ್, ಅಂದರೆ ವೆಲ್ಟರ್‌ವೇಟ್ ಮಿತಿಗಿಂತಲೂ ಕಡಿಮೆ. 112 ಪೌಂಡಿನಲ್ಲಿ ಚಾಂಪಿಯನ್ ಆದವನು 147ರಲ್ಲೂ ಆದ ಎಂಬುದು ಯಾವ ಲೆಕ್ಕದಲ್ಲೂ ಬೆರಗಿನ ಸಂಗತಿ ಎಂಬುದು ಬೇರೆ ಮಾತು.

ಹಾಗಾದರೆ ಒಂದು ವರ್ಗದ ಬಲವನ್ನು ನೋಡಬೇಕಾದದ್ದು ಎಲ್ಲಿ? ತುದಿಯಲ್ಲಿ ನಿಂತವನನ್ನು ನೋಡಿ ತೀರ್ಮಾನಿಸುವುದು ಸಾಮಾನ್ಯ ಅಭ್ಯಾಸ. ಆದರೆ ಅವನು ಎಲ್ಲರನ್ನೂ ಸುಲಭವಾಗಿ ಸೋಲಿಸಿದರೆ ಅದು ಅವನ ಹಿರಿಮೆಯೋ ಉಳಿದವರ ಬಡತನವೋ ತಿಳಿಯುವುದಿಲ್ಲ. ಜೋ ಲೂಯಿ 1937ರಿಂದ 1949ರವರೆಗೆ ಹೆವಿವೇಟ್ ಪಟ್ಟವನ್ನು 25 ಬಾರಿ ಉಳಿಸಿಕೊಂಡ. ತಿಂಗಳಿಗೊಬ್ಬನಂತೆ ಎದುರಾದ ಅವನ ಸವಾಲಿಗರನ್ನು ಪತ್ರಿಕೆಗಳು ಗೇಲಿ ಮಾಡಿದವು. ವ್ಲಾದಿಮಿರ್ ಕ್ಲಿಚ್ಕೊ 2006ರಿಂದ 2015ರವರೆಗೆ ಆಳಿದಾಗಲೂ ಇದೇ ದೂರು. ಅವನ ಕಾಲದಲ್ಲಿ ಅವನಿಗೆ ಸರಿಸಾಟಿಯಾಗಬಹುದಾಗಿದ್ದವನು ಅಣ್ಣ ವಿತಾಲಿ. ಅಣ್ಣತಮ್ಮಂದಿರು ಎಂದೂ ಎದುರಾಗುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಎರಡನೆಯವನಿಂದ ಹತ್ತನೆಯವನವರೆಗಿನ ಸಾಲು ಎಂಥದ್ದು, ಅವರು ಒಬ್ಬರನ್ನೊಬ್ಬರು ನಿಜಕ್ಕೂ ಎದುರಿಸಿದರೇ, ಎದುರಿಸಿದಾಗ ಫಲಿತಾಂಶ ಮೊದಲೇ ಹೇಳುವಂತಿತ್ತೇ ಎಂಬುದೇ ಹೆಚ್ಚು ನಂಬಬಹುದಾದ ಅಳತೆ.

ಈ ಅಳತೆಗೆ 1970ರ ದಶಕದ ಹೆವಿವೇಟ್‌ನಷ್ಟು ಚೆನ್ನಾಗಿ ಒಗ್ಗುವುದು ಇನ್ನೊಂದಿಲ್ಲ. 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜೋ ಫ್ರೇಜಿಯರ್ ಮುಹಮ್ಮದ್ ಅಲಿಯನ್ನು ಹದಿನೈದು ಸುತ್ತು ಹೋರಾಡಿ ಅಂಕಗಳ ಮೇಲೆ ಸೋಲಿಸಿದ. 1973ರ ಜನವರಿಯಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಜಾರ್ಜ್ ಫೋರ್‌ಮನ್ ಅದೇ ಫ್ರೇಜಿಯರ್‌ನನ್ನು ಎರಡೇ ಸುತ್ತಿನಲ್ಲಿ ಆರು ಬಾರಿ ನೆಲಕ್ಕೆ ಕೆಡವಿದ. ಎರಡು ತಿಂಗಳ ನಂತರ ಕೆನ್ ನಾರ್ಟನ್ ಅಲಿಯ ದವಡೆ ಮುರಿದು ಗೆದ್ದ. 1974ರ ಮಾರ್ಚ್‌ನಲ್ಲಿ ಫೋರ್‌ಮನ್ ನಾರ್ಟನ್‌ನನ್ನೂ ಎರಡೇ ಸುತ್ತಿನಲ್ಲಿ ಮುಗಿಸಿದ. ಅಲಿಯನ್ನು ಸೋಲಿಸಿದ ಇಬ್ಬರನ್ನೂ ಹೀಗೆ ಒರೆಸಿಹಾಕಿದ ಫೋರ್‌ಮನ್, ಆ ಅಕ್ಟೋಬರ್‌ನಲ್ಲಿ ಕಿನ್ಶಾಸಾದಲ್ಲಿ ಎಂಟನೆಯ ಸುತ್ತಿಗೆ ಅಲಿಯ ಕೈಯಲ್ಲಿ ನಾಕೌಟ್ ಆದ. ಅವನು ಇವನಿಗಿಂತ ಮೇಲು, ಇವನು ಮತ್ತೊಬ್ಬನಿಗಿಂತ ಮೇಲು, ಆದ್ದರಿಂದ ಅವನು ಎಲ್ಲರಿಗಿಂತ ಮೇಲು ಎನ್ನುವ ತರ್ಕ ಇಲ್ಲಿ ನಡೆಯುವುದಿಲ್ಲ. ನೇರ ನುಗ್ಗುವ ಫ್ರೇಜಿಯರ್‌ನ ಶೈಲಿ ಫೋರ್‌ಮನ್‌ನ ಭಾರೀ ಹೊಡೆತಕ್ಕೆ ತಾನಾಗಿ ಸಿಕ್ಕಿಬೀಳುತ್ತಿತ್ತು. ಹಗ್ಗಕ್ಕೆ ಒರಗಿ ಹೊಡೆತ ತಿನ್ನುತ್ತ ಎದುರಾಳಿಯನ್ನು ದಣಿಸುವ ಅಲಿಯ ಉಪಾಯಕ್ಕೆ ಫೋರ್‌ಮನ್‌ನಲ್ಲಿ ಉತ್ತರವಿರಲಿಲ್ಲ.

ಆದರೆ ಆ ದಶಕದ ಗಟ್ಟಿತನ ಈ ನಾಲ್ವರಲ್ಲಿ ಇರುವುದಕ್ಕಿಂತ ಅವರ ಕೆಳಗಿನವರಲ್ಲಿದೆ. ಜೆರಿ ಕ್ವಾರಿ ಅಲಿಗೆ ಎರಡು ಸಲ, ಫ್ರೇಜಿಯರ್‌ಗೆ ಎರಡು ಸಲ ಸೋತವನು. ಅವನೇ 1973ರಲ್ಲಿ ರಾನ್ ಲೈಲ್‌ನನ್ನು ಅಂಕಗಳ ಮೇಲೆ ಸೋಲಿಸಿ, ಅರ್ನಿ ಶೇವರ್ಸ್‌ನನ್ನು ಮೊದಲ ಸುತ್ತಿನಲ್ಲೇ ಮುಗಿಸಿದ. ಆ ಲೈಲ್ 1976ರ ಜನವರಿಯಲ್ಲಿ ಫೋರ್‌ಮನ್‌ನನ್ನು ನೆಲಕ್ಕೆ ಬೀಳಿಸಿ, ಕೊನೆಗೆ ಐದನೆಯ ಸುತ್ತಿನಲ್ಲಿ ತಾನೇ ಬಿದ್ದ. ಆ ಶೇವರ್ಸ್ 1979ರಲ್ಲಿ ನಾರ್ಟನ್‌ನನ್ನು ಒಂದೇ ಸುತ್ತಿನಲ್ಲಿ ಉರುಳಿಸಿದ. ಫಿಲಡೆಲ್ಫಿಯಾದ ಜಿಮ್ಮಿ ಯಂಗ್‌ನ ಹೊಡೆತದಲ್ಲಿ ಹೇಳಿಕೊಳ್ಳುವ ಭಾರವಿರಲಿಲ್ಲ, ಪಟ್ಟವಂತೂ ಎಂದೂ ದಕ್ಕಲಿಲ್ಲ. ಆದರೂ ಅವನು ಲೈಲ್‌ನನ್ನು ಎರಡು ಸಲ ಸೋಲಿಸಿದ, 1977ರಲ್ಲಿ ಸ್ಯಾನ್ ವಾನ್‌ನಲ್ಲಿ ಫೋರ್‌ಮನ್‌ನನ್ನೂ ಸೋಲಿಸಿ ಹತ್ತು ವರ್ಷ ಕಣದಿಂದ ದೂರ ಉಳಿಯುವಂತೆ ಮಾಡಿದ. ಹತ್ತು ಮಂದಿಯ ನಡುವೆ ಸೋಲು ಗೆಲುವು ಹೀಗೆ ಹೆಣೆದುಕೊಂಡ ಕಾಲ ಹೆವಿವೇಟ್‌ನಲ್ಲಿ ಮತ್ತೆ ಬಂದಿಲ್ಲ. ಈ ದಶಕದಲ್ಲೂ ಪೊಳ್ಳಿಲ್ಲದಿಲ್ಲ. 1976ರಲ್ಲಿ ಅಲಿ ಪಟ್ಟ ಉಳಿಸಿಕೊಂಡ ಜೀನ್ ಪಿಯರ್ ಕೂಪ್‌ಮನ್, ರಿಚರ್ಡ್ ಡನ್ ಪಂದ್ಯಗಳನ್ನು ಯಾರೂ ಬಲದ ಸಾಕ್ಷಿಯಾಗಿ ಎತ್ತಿಹಿಡಿಯುವುದಿಲ್ಲ.

ಹೆಸರುಗಳಿದ್ದೂ ಪಂದ್ಯಗಳಾಗದಿದ್ದರೆ ಬಲ ಕಾಗದದ ಮೇಲೆಯೇ ಉಳಿಯುತ್ತದೆ. 1990ರ ದಶಕದಲ್ಲಿ ಇವಾಂಡರ್ ಹೋಲಿಫೀಲ್ಡ್, ಮೈಕ್ ಟೈಸನ್, ರಿಡಿಕ್ ಬೋ, ಲೆನಾಕ್ಸ್ ಲೂಯಿಸ್ ಒಟ್ಟಿಗೇ ಇದ್ದರು. ಹೋಲಿಫೀಲ್ಡ್ ಮತ್ತು ಬೋ ಮೂರು ಸಲ ಸೆಣಸಿದರು. ಆದರೆ ಬೋ 1992ರಲ್ಲಿ ಲೂಯಿಸ್‌ನನ್ನು ಎದುರಿಸುವ ಬದಲು ಒಂದು ಬೆಲ್ಟನ್ನು ಕಸದ ಬುಟ್ಟಿಗೆ ಎಸೆದ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಲೂಯಿಸ್ ಬೋನನ್ನು ಸೋಲಿಸಿದ್ದೇ ಅವರಿಬ್ಬರ ಕೊನೆಯ ಭೇಟಿ. ಟೈಸನ್ 1992ರಿಂದ 1995ರವರೆಗೆ ಜೈಲಿನಲ್ಲಿದ್ದ. ಅವನು ಲೂಯಿಸ್‌ಗೆ ಎದುರಾದದ್ದು 2002ರಲ್ಲಿ, ಇಬ್ಬರಿಗೂ ಮೂವತ್ತೈದು ತುಂಬಿದ ಹೊತ್ತಿಗೆ. ಪ್ರತಿಭೆಯ ರಾಶಿಯಲ್ಲಿ ಈ ದಶಕ ಎಪ್ಪತ್ತರ ದಶಕಕ್ಕೆ ಹತ್ತಿರ. ನಡೆದ ಪಂದ್ಯಗಳಲ್ಲಿ ದೂರ.

ಇದಕ್ಕಿಂತ ಕಹಿಯಾದದ್ದು ಬೇಕೆಂದೇ ಹೊರಗಿಟ್ಟವರ ಕಥೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಕಪ್ಪು ಬಾಕ್ಸರುಗಳಿಗೆ ಪಟ್ಟದ ಬಾಗಿಲು ಅಪರೂಪಕ್ಕೆ ತೆರೆಯುತ್ತಿತ್ತು. ಸ್ಯಾಮ್ ಲ್ಯಾಂಗ್‌ಫರ್ಡ್‌ಗೆ ಹೆವಿವೇಟ್ ಪಟ್ಟಕ್ಕೆ ಸೆಣಸುವ ಅವಕಾಶ ಬರಲೇ ಇಲ್ಲ; ಜ್ಯಾಕ್ ಡೆಂಪ್ಸಿಯ ಕಾಲದ ಹ್ಯಾರಿ ವಿಲ್ಸ್‌ನದೂ ಅದೇ ಪಾಡು. 1940ರ ದಶಕದ ಮಿಡಲ್‌ವೇಟ್‌ ನೆನಪಾಗುವುದು ಟೋನಿ ಜೇಲ್ ಮತ್ತು ರಾಕಿ ಗ್ರಾಜಿಯಾನೊ ನಡುವೆ 1946ರಿಂದ 1948ರವರೆಗೆ ನಡೆದ ಮೂರು ಪಂದ್ಯಗಳಿಗೆ. ಅದೇ ಕಾಲದಲ್ಲಿ ಚಾರ್ಲಿ ಬರ್ಲಿ, ಹಾಲ್‌ಮನ್ ವಿಲಿಯಮ್ಸ್, ಲಾಯ್ಡ್ ಮಾರ್ಷಲ್ ಮುಂತಾದವರು ಪಟ್ಟದ ಅವಕಾಶವಿಲ್ಲದೆ ತಮ್ಮತಮ್ಮಲ್ಲೇ ಮತ್ತೆ ಮತ್ತೆ ಹೊಡೆದಾಡಿದರು. ಪಟ್ಟಿಯಲ್ಲಿ ಚಾಂಪಿಯನ್ನರ ಹೆಸರು ಮಾತ್ರ ಓದಿದರೆ ಆ ದಶಕದ ಮಿಡಲ್‌ವೇಟ್ ಸಾಧಾರಣ ಎನಿಸುತ್ತದೆ. ಪಟ್ಟದ ಹೊರಗಿದ್ದವರನ್ನೂ ಸೇರಿಸಿದರೆ ಎಂಟು ಹಳೆಯ ವರ್ಗಗಳ ಇತಿಹಾಸದಲ್ಲೇ ಅತ್ಯಂತ ಆಳವಾದ ಕಾಲಗಳಲ್ಲಿ ಅದೊಂದು.

ಕೆಲವೊಮ್ಮೆ ಹೊರಗಿಡುತ್ತಿದ್ದದ್ದು ದೇಶದ ಗಡಿ. ಕ್ಯೂಬಾ 1960ರ ದಶಕದ ಆರಂಭದಲ್ಲೇ ವೃತ್ತಿಪರ ಕ್ರೀಡೆಯನ್ನು ನಿಷೇಧಿಸಿತು. 1972, 1976, 1980ರ ಒಲಿಂಪಿಕ್ಸ್‌ಗಳಲ್ಲಿ ಹೆವಿವೇಟ್ ಚಿನ್ನ ಗೆದ್ದ ತಿಯೋಫಿಲೊ ಸ್ಟೀವನ್ಸನ್ ಅಲಿಯನ್ನು ಎದುರಿಸುವ ಮಾತು ಬಂದದ್ದೂ ಉಂಟು, ಆದದ್ದಿಲ್ಲ. ಸೋವಿಯತ್ ಒಕ್ಕೂಟದ ಬಾಕ್ಸರುಗಳಿಗೂ 1980ರ ದಶಕದ ಕೊನೆಯವರೆಗೆ ದಾರಿ ಮುಚ್ಚಿತ್ತು. ಹೀಗಾಗಿ ಎಪ್ಪತ್ತರ ದಶಕದ ಹೆವಿವೇಟ್ ಅಷ್ಟು ಗಟ್ಟಿಯಾಗಿದ್ದರೂ ಅದು ಇಡೀ ಜಗತ್ತಿನದಾಗಿರಲಿಲ್ಲ. 1990ರ ನಂತರ ಉಕ್ರೇನ್, ರಷ್ಯಾ, ಕಜಾಕ್‌ಸ್ತಾನಗಳಿಂದ ಬಂದವರು ಮಿಡಲ್‌ವೇಟ್‌ನಿಂದ ಮೇಲಿನ ವರ್ಗಗಳ ಚಹರೆಯನ್ನೇ ಬದಲಿಸಿದರು.

ವೆಲ್ಟರ್‌ವೇಟ್‌ನ ಕಥೆಯಲ್ಲಿ ಕಾಲಾವಧಿ ಚಿಕ್ಕದು, ಸಾಂದ್ರತೆ ಹೆಚ್ಚು. 1980ರ ದಶಕದ ನಾಲ್ವರೆಂದು ಶುಗರ್ ರೇ ಲೆನಾರ್ಡ್, ರಾಬರ್ಟೊ ಡುರಾನ್, ಥಾಮಸ್ ಹರ್ನ್ಸ್, ಮಾರ್ವಿನ್ ಹ್ಯಾಗ್ಲರ್ ಹೆಸರು ಒಟ್ಟಿಗೆ ಬರುತ್ತದೆ. ತಮ್ಮೊಳಗೆ ಅವರು ಒಂಬತ್ತು ಬಾರಿ ಸೆಣಸಿದರು. ಇದನ್ನು ಮಿಡಲ್‌ವೇಟ್‌ನ ಸುವರ್ಣಕಾಲ ಎನ್ನುವುದು ರೂಢಿಯಾದರೂ ನಾಲ್ವರಲ್ಲಿ ಹುಟ್ಟಾ ಮಿಡಲ್‌ವೇಟ್ ಹ್ಯಾಗ್ಲರ್ ಒಬ್ಬನೇ. ಡುರಾನ್ ಲೈಟ್‌ವೇಟ್‌ನಿಂದ ಮೇಲೇರಿದವನು. ನಿಜವಾದ ಗಟ್ಟಿತನ ವೆಲ್ಟರ್‌ವೇಟ್‌ನಲ್ಲಿ, 1979ರ ನವೆಂಬರ್‌ನಿಂದ 1981ರ ಸೆಪ್ಟೆಂಬರ್‌ವರೆಗಿನ ಎರಡೇ ವರ್ಷದಲ್ಲಿತ್ತು. ಲೆನಾರ್ಡ್ ಅಜೇಯನಾಗಿದ್ದ ವಿಲ್ಫ್ರೆಡ್ ಬೆನಿಟೆಜ್‌ನನ್ನು ಕೊನೆಯ ಸುತ್ತಿನಲ್ಲಿ ಸೋಲಿಸಿದ. ಹರ್ನ್ಸ್ ಎರಡೇ ಸುತ್ತಿನಲ್ಲಿ ಪಿಪಿನೊ ಕ್ವೆವಾಸ್‌ನ ದೀರ್ಘ ಆಳ್ವಿಕೆಗೆ ತೆರೆ ಎಳೆದ. ಡುರಾನ್ ಮಾಂಟ್ರಿಯಲ್‌ನಲ್ಲಿ ಲೆನಾರ್ಡ್‌ನನ್ನು ಸೋಲಿಸಿದ. ಐದು ತಿಂಗಳ ನಂತರ ನ್ಯೂ ಆರ್ಲಿಯನ್ಸ್‌ನಲ್ಲಿ ಪಂದ್ಯದ ನಡುವೆ ತಿರುಗಿ ನಿಂತು ಇನ್ನು ಸಾಕೆಂದ. ಕೊನೆಗೆ ಲೆನಾರ್ಡ್ ಅಂಕಗಳಲ್ಲಿ ಹಿಂದೆ ಬಿದ್ದಿದ್ದೂ ಹದಿನಾಲ್ಕನೆಯ ಸುತ್ತಿನಲ್ಲಿ ಹರ್ನ್ಸ್‌ನನ್ನು ನಿಲ್ಲಿಸಿದ.

ಆ ಗೆಲುವು ಇಂದಿನ ನಿಯಮದಲ್ಲಿ ಸಾಧ್ಯವೇ ಇಲ್ಲ. 1982ರ ನವೆಂಬರ್‌ನಲ್ಲಿ ರೇ ಮ್ಯಾನ್ಸಿನಿ ಎದುರು ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದ ಕೊರಿಯಾದ ಕಿಮ್ ಡುಕ್ ಕೂ ಕೆಲವು ದಿನಗಳಲ್ಲಿ ತೀರಿಕೊಂಡ. ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ ಕೂಡಲೇ ಪಟ್ಟದ ಪಂದ್ಯಗಳನ್ನು 15 ಸುತ್ತಿನಿಂದ 12ಕ್ಕೆ ಇಳಿಸಿತು, ಉಳಿದ ಸಂಸ್ಥೆಗಳೂ ದಶಕ ಮುಗಿಯುವುದರೊಳಗೆ ಹಿಂಬಾಲಿಸಿದವು. ಕೊನೆಯ ಮೂರು ಸುತ್ತುಗಳಿಗೆ ಉಸಿರು ಉಳಿಸಿಕೊಳ್ಳುವ ವಿದ್ಯೆಗೆ ಅಲ್ಲಿಂದಾಚೆ ಬೆಲೆ ಕಡಿಮೆಯಾಯಿತು. ತೂಕ ನೋಡುವ ಹೊತ್ತೂ ಬದಲಾಯಿತು. ಹಿಂದೆ ಪಂದ್ಯದ ದಿನವೇ ತೂಗುತ್ತಿದ್ದರು, ಈಗ ಸಾಮಾನ್ಯವಾಗಿ ಹಿಂದಿನ ದಿನ. ನೀರು ಬಿಟ್ಟು ಮೈ ಒಣಗಿಸಿಕೊಂಡು ತಕ್ಕಡಿ ಹತ್ತಿದವನು ಮರುದಿನ ಎಷ್ಟೋ ಪೌಂಡ್ ಹೆಚ್ಚಾಗಿ ಕಣಕ್ಕಿಳಿಯುತ್ತಾನೆ. 2000ದಲ್ಲಿ ಆರ್ಟುರೊ ಗ್ಯಾಟಿ 141 ಪೌಂಡಿಗೆ ತೂಗಿಸಿಕೊಂಡು, ಪಂದ್ಯದ ರಾತ್ರಿ ಸುಮಾರು 160 ಪೌಂಡ್ ಭಾರ ಹೊತ್ತು ಜೋಯಿ ಗಮಾಶ್‌ನನ್ನು ಎದುರಿಸಿದ. ಆದ್ದರಿಂದ 1950ರ ವೆಲ್ಟರ್‌ವೇಟನ್ನೂ ಇಂದಿನ ವೆಲ್ಟರ್‌ವೇಟನ್ನೂ ಹೋಲಿಸುವಾಗ ಹೆಸರು ಒಂದೇ, ಮೈ ಬೇರೆ.

ಹೆವಿವೇಟ್‌ನಲ್ಲಿ ಈ ಅಂತರ ಕಣ್ಣಿಗೇ ಕಾಣುತ್ತದೆ. ಒಂದೂ ಪಂದ್ಯ ಸೋಲದೆ 49 ಗೆಲುವಿನೊಂದಿಗೆ 1956ರಲ್ಲಿ ನಿವೃತ್ತನಾದ ರಾಕಿ ಮಾರ್ಸಿಯಾನೊ ತೂಗುತ್ತಿದ್ದದ್ದು ಸುಮಾರು 185 ಪೌಂಡ್. 200 ಪೌಂಡ್ ಮಿತಿಯ ಇಂದಿನ ಕ್ರೂಸರ್‌ವೇಟ್‌ಗೂ ಅವನು ಚಿಕ್ಕವನೇ. ಲೆನಾಕ್ಸ್ ಲೂಯಿಸ್ 245 ಪೌಂಡಿನ ಆಸುಪಾಸಿನವನು, ಟೈಸನ್ ಫ್ಯೂರಿ ಆರು ಅಡಿ ಒಂಬತ್ತು ಅಂಗುಲದವನು. ದೊಡ್ಡವರ ಮುಂದೆ ಹಳೆಯ ಚಾಂಪಿಯನ್ನರು ನಿಲ್ಲುತ್ತಿರಲಿಲ್ಲ ಎನ್ನುವುದು ಸುಲಭದ ವಾದ. 1919ರಲ್ಲಿ 187 ಪೌಂಡಿನ ಡೆಂಪ್ಸಿ 245 ಪೌಂಡಿನ ಜೆಸ್ ವಿಲಾರ್ಡ್‌ನನ್ನು ಮೊದಲ ಸುತ್ತಿನಲ್ಲೇ ಮತ್ತೆ ಮತ್ತೆ ಬೀಳಿಸಿದ್ದು ಈ ವಾದಕ್ಕೆ ಪೂರ್ತಿ ಉತ್ತರವಲ್ಲ, ಏಕೆಂದರೆ ವಿಲಾರ್ಡ್ ದೊಡ್ಡವನೇ ಹೊರತು ಚುರುಕಿನವನಲ್ಲ. ದೊಡ್ಡ ಮೈಯೂ ಒಳ್ಳೆಯ ತಂತ್ರವೂ ಒಟ್ಟಿಗೆ ಬಂದ ಲೂಯಿಸ್, ಕ್ಲಿಚ್ಕೊ ಅಂಥವರು ಇಪ್ಪತ್ತನೆಯ ಶತಮಾನದ ಕೊನೆಯ ಕೊಡುಗೆ.

ದಾಖಲೆಗಳನ್ನು ನಂಬಿ ಲೆಕ್ಕ ಹಾಕುವವರಿಗೂ ತೊಡಕಿದೆ. ಮುಂದೆ ಹೆವಿವೇಟ್ ಚಾಂಪಿಯನ್ ಆದ ಜೀನ್ ಟನಿಯನ್ನು ಸೋಲಿಸಿದ ಏಕೈಕ ಬಾಕ್ಸರ್ ಹ್ಯಾರಿ ಗ್ರೆಬ್ ಸುಮಾರು 300 ಪಂದ್ಯ ಆಡಿದವನು. ಅವನ ಒಂದು ಪಂದ್ಯದ ಚಲನಚಿತ್ರವೂ ಉಳಿದಿಲ್ಲ. 1922ರಲ್ಲಿ ಶುರುವಾದ ದ ರಿಂಗ್ ಪತ್ರಿಕೆಯ ಶ್ರೇಯಾಂಕವೇ ಹಿಂದಿನ ಕಾಲಕ್ಕೆ ದೊಡ್ಡ ಆಧಾರ. ಅದರ ದಾಖಲೆ ಪುಸ್ತಕದಲ್ಲಿ ನಡೆಯದ ಗೆಲುವುಗಳು ಸೇರಿದ್ದವೆಂದು 1977ರಲ್ಲಿ ಗೊತ್ತಾಗಿ, ಅಮೆರಿಕದ ಎಬಿಸಿ ದೂರದರ್ಶನ ಸಂಸ್ಥೆ ತಾನು ಪ್ರಸಾರ ಮಾಡುತ್ತಿದ್ದ ಟೂರ್ನಿಯನ್ನೇ ನಿಲ್ಲಿಸಬೇಕಾಯಿತು.

ಯಂತ್ರಕ್ಕೆ ಈ ಕೆಲಸ ಒಪ್ಪಿಸುವ ಪ್ರಯತ್ನ ಮೊದಲು ನಡೆದದ್ದು ಬಾನುಲಿಯಲ್ಲೇ. 1967ರಲ್ಲಿ ಅಮೆರಿಕದ ಮರ್ರಿ ವೊರೋನರ್ ಬೇರೆ ಬೇರೆ ಕಾಲದ ಹೆವಿವೇಟ್‌ಗಳ ಮಾಹಿತಿಯನ್ನು ಕಂಪ್ಯೂಟರಿಗೆ ಊಡಿ, ಬಂದ ಫಲಿತಾಂಶವನ್ನು ನಿಜವಾದ ಪಂದ್ಯದ ವೀಕ್ಷಕ ವಿವರಣೆಯಂತೆ ಪ್ರಸಾರ ಮಾಡಿದ. ಫೈನಲ್‌ನಲ್ಲಿ ಮಾರ್ಸಿಯಾನೊ ಡೆಂಪ್ಸಿಯನ್ನು ಸೋಲಿಸಿದ. ಅದಕ್ಕೂ ಮೊದಲೇ ಜಿಮ್ ಜೆಫ್ರೀಸ್‌ಗೆ ಸೋತನೆಂದು ಕೇಳಿದ ಅಲಿ 10 ಲಕ್ಷ ಡಾಲರ್ ಮಾನನಷ್ಟ ಮೊಕದ್ದಮೆ ಹೂಡಿದ. ರಾಜಿಯಾಗಿ, 1969ರಲ್ಲಿ ಅಲಿ ಮತ್ತು ಮಾರ್ಸಿಯಾನೊ ಕ್ಯಾಮೆರಾ ಮುಂದೆ ಹಲವು ಬಗೆಯ ಮುಕ್ತಾಯಗಳನ್ನು ಅಭಿನಯಿಸಿದರು. ಅಮೆರಿಕದಲ್ಲಿ ತೋರಿಸಿದ ಚಿತ್ರದಲ್ಲಿ ಮಾರ್ಸಿಯಾನೊ ಹದಿಮೂರನೆಯ ಸುತ್ತಿನಲ್ಲಿ ಗೆದ್ದ. ಯುರೋಪಿನಲ್ಲಿ ಅಲಿ ಗೆಲ್ಲುವ ಪ್ರತಿಯೂ ಓಡಿತು. ಯಂತ್ರಕ್ಕೆ ಊಡಿದ ಅಂಕಿಅಂಶಗಳೇ ಊಹೆಯಾಗಿದ್ದಾಗ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವಂತಿರಲಿಲ್ಲ.

ಹಗುರ ವರ್ಗಗಳ ಬಗ್ಗೆ ಇಂಥ ಚರ್ಚೆ ಕಡಿಮೆ. ಅವುಗಳ ಕೇಂದ್ರ ನ್ಯೂಯಾರ್ಕ್, ಲಂಡನ್‌ಗಳಿಂದ ದೂರ, ಜಪಾನ್, ಮೆಕ್ಸಿಕೊ, ಥಾಯ್ಲೆಂಡ್‌ಗಳಲ್ಲಿದ್ದದ್ದು ಒಂದು ಕಾರಣ. 1965ರಿಂದ 1977ರವರೆಗಿನ ಬ್ಯಾಂಟಮ್‌ವೇಟ್ ಅದೇ ಕಾಲದ ಹೆವಿವೇಟ್‌ಗೆ ಏನೂ ಕಡಿಮೆಯಿರಲಿಲ್ಲ. ಬ್ರೆಜಿಲ್‌ನ ಎಡರ್ ಜೋಫ್ರೆ ತನ್ನ ಜೀವಮಾನದಲ್ಲಿ ಸೋತದ್ದು ಎರಡೇ ಪಂದ್ಯ, ಎರಡೂ ಜಪಾನಿನ ಫೈಟಿಂಗ್ ಹರಾಡಾ ಕೈಯಲ್ಲಿ. ಹರಾಡಾನನ್ನು 1968ರಲ್ಲಿ ಟೋಕಿಯೊದಲ್ಲಿ ಆಸ್ಟ್ರೇಲಿಯಾದ ಲಯನೆಲ್ ರೋಸ್ ಸೋಲಿಸಿದ. ರೋಸ್‌ನನ್ನು ಮೆಕ್ಸಿಕೊದ ರುಬೆನ್ ಒಲಿವಾರೆಸ್. 1977ರಲ್ಲಿ ಇಬ್ಬರೂ ಅಜೇಯರು, ಇಬ್ಬರೂ ಚಾಂಪಿಯನ್ನರು ಆಗಿದ್ದ ಕಾರ್ಲೋಸ್ ಜರಾಟೆ ಮತ್ತು ಅಲ್ಫೊನ್ಸೊ ಜಮೋರಾ ಎದುರಾದರು. ಸಂಸ್ಥೆಗಳ ಜಗಳದಿಂದ ಅದಕ್ಕೆ ಪಟ್ಟದ ಮಾನ್ಯತೆ ಸಿಗಲಿಲ್ಲ. ನಾಲ್ಕನೆಯ ಸುತ್ತಿನಲ್ಲಿ ಜರಾಟೆ ಗೆದ್ದ.

ಒಂದು ವರ್ಗದ ಸಮರ್ಥರೆಲ್ಲ ಒಂದೇ ಕಾಲಕ್ಕೆ ಎದುರಾಗುವ ವ್ಯವಸ್ಥೆ ಇತ್ತೀಚೆಗೆ ಒಮ್ಮೆ ಕೂಡಿಬಂತು. 2017-18ರ ವರ್ಲ್ಡ್ ಬಾಕ್ಸಿಂಗ್ ಸೂಪರ್ ಸೀರೀಸ್‌ಗೆ ಕ್ರೂಸರ್‌ವೇಟ್‌ನ ನಾಲ್ಕೂ ಸಂಸ್ಥೆಗಳ ಚಾಂಪಿಯನ್ನರು ಬಂದರು. ಸೆಮಿಫೈನಲ್‌ನಲ್ಲಿ ಉಕ್ರೇನ್‌ನ ಒಲೆಕ್ಸಾಂಡರ್ ಉಸಿಕ್ ಲಾಟ್ವಿಯಾದ ಮೈರಿಸ್ ಬ್ರೀಡಿಸ್‌ನನ್ನು ಹೊಯ್ದಾಟದ ನಂತರ ಗೆದ್ದ. ಮಾಸ್ಕೋದ ಫೈನಲ್‌ನಲ್ಲಿ ಮುರಾತ್ ಗಾಸಿಯೆವ್ ವಿರುದ್ಧದ ಗೆಲುವಿನಿಂದ ನಾಲ್ಕೂ ಬೆಲ್ಟು ಅವನದಾದವು. ನಡುವಿನ ವರ್ಗ ಎಂದು ದಶಕಗಳ ಕಾಲ ಕಡೆಗಣಿಸಲಾದ ಕ್ರೂಸರ್‌ವೇಟ್ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಸಾಕ್ಷಿ ಮುಂದಿನ ವರ್ಷಗಳಲ್ಲಿ ಸಿಕ್ಕಿತು. ಹೆವಿವೇಟ್‌ಗೆ ಏರಿದ ಉಸಿಕ್ 2021ರಲ್ಲಿ ಲಂಡನ್ನಿನಲ್ಲಿ ಆಂಟನಿ ಜೋಶುವಾನನ್ನು ಸೋಲಿಸಿದ. 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಫ್ಯೂರಿಯನ್ನು ಸೋಲಿಸಿ, ಲೂಯಿಸ್‌ನ ನಂತರ ಹೆವಿವೇಟ್‌ನ ಎಲ್ಲ ಮುಖ್ಯ ಪಟ್ಟಗಳನ್ನೂ ಒಟ್ಟಿಗೆ ಹಿಡಿದ ಮೊದಲಿಗನಾದ. ಅದೇ ಡಿಸೆಂಬರ್‌ನ ಮರುಪಂದ್ಯವನ್ನೂ ಅವನೇ ಗೆದ್ದ. ಲೈಟ್ ಹೆವಿವೇಟ್‌ನ ಆರ್ತುರ್ ಬೆತರ್ಬಿಯೆವ್ ಮತ್ತು ದ್ಮಿತ್ರಿ ಬಿವೊಲ್ ಕೂಡ ಅಜೇಯರಾಗಿಯೇ 2024ರ ಅಕ್ಟೋಬರ್‌ನಲ್ಲಿ ಎದುರಾದರು. ಮೊದಲನೆಯದನ್ನು ಬೆತರ್ಬಿಯೆವ್, 2025ರ ಫೆಬ್ರವರಿಯ ಎರಡನೆಯದನ್ನು ಬಿವೊಲ್ ಕೂದಲೆಳೆಯ ಅಂತರದಲ್ಲಿ ಗೆದ್ದರು. ಆದರೆ ಈ ಇಬ್ಬರ ಕೆಳಗಿನ ಸಾಲು 1970ರ ದಶಕದ ಕೊನೆಯ ಲೈಟ್ ಹೆವಿವೇಟ್‌ಗೆ ಸಮನಾಗುವುದಿಲ್ಲ. ಮ್ಯಾಥ್ಯೂ ಸಾದ್ ಮುಹಮ್ಮದ್, ಮಾರ್ವಿನ್ ಜಾನ್ಸನ್, ಎಡ್ಡಿ ಮುಸ್ತಫಾ ಮುಹಮ್ಮದ್, ವಿಕ್ಟರ್ ಗಾಲಿಂಡೆಜ್ ಆಗ ಒಬ್ಬರಿಂದೊಬ್ಬರು ಪಟ್ಟ ಕಿತ್ತುಕೊಳ್ಳುತ್ತಿದ್ದರು, ಅವರ ಬೆನ್ನಿಗೇ ಮೈಕೆಲ್ ಸ್ಪಿಂಕ್ಸ್ ಬೆಳೆದು ನಿಂತಿದ್ದ.